ನಮ್ಮ ಹಕ್ಕಿ ಸಂಘದ ಇತಿಹಾಸ ಬರೆಯಲು ಹೋಗಿ

ಪಂಜರದ ಹಕ್ಕಿ ಸಾಕುವವರ ನಮ್ಮ ಸಂಘಕ್ಕೆ ನಾನು ಕಾರ್ಯದರ್ಶಿ ಆಗಿದ್ದು ಯೋಗ್ಯತೆಯಿಂದಲ್ಲ. ಆವತ್ತು ಸಭೆಗೆ ತಡವಾಗಿ ಹೋದೆ, ಅಷ್ಟೇ. ಒಳಗೆ ಕಾಲಿಡುವಷ್ಟರಲ್ಲಿ ಆಯ್ಕೆ ಮುಗಿದಿತ್ತು. ಅಧ್ಯಕ್ಷರು ಒಂದು ತಗಡಿನ ಟ್ರಂಕನ್ನು ಕಾಲಲ್ಲೇ ನನ್ನ ಕಡೆ ತಳ್ಳಿದರು. "ಇನ್ನು ಇದು ನಿಮ್ದು. ಮುಂದಿನ ವರ್ಷ ಸಂಘಕ್ಕೆ 50 ತುಂಬುತ್ತೆ. ಒಂದು ನಾಲ್ಕು ಪುಟ ಇತಿಹಾಸ ಬರೆದುಬಿಡಿ. ಕೊನೇಲಿ ಭವಿಷ್ಯದ ಬಗ್ಗೆ ಒಂದು ಪ್ಯಾರಾ ಇರಲಿ" ಅಂದರು. ನಾಲ್ಕು ಪುಟ ತಾನೇ, ಎರಡು ಭಾನುವಾರದ ಕೆಲಸ ಅಂದುಕೊಂಡೆ. 11 ತಿಂಗಳು ಹಿಡಿಯಿತು.

ಟ್ರಂಕಿನಲ್ಲಿ ಇದ್ದಿದ್ದು ಮೂರು ನಡಾವಳಿ ಪುಸ್ತಕ, ಬಹುಮಾನದ ಕಾರ್ಡುಗಳ ಒಂದು ಕಟ್ಟು, ತುಕ್ಕು ಹಿಡಿದ ಪಿನ್ ಚುಚ್ಚಿದ ರಸೀದಿಗಳು, ಒಂದು ಹಿಡಿ ಫೋಟೋ. ತಳದಲ್ಲಿ ಬಟ್ಟೆ ರಟ್ಟಿನ ಒಂದು ಉದ್ದನೆಯ ರಿಜಿಸ್ಟರ್. ಫೋಟೋಗಳಲ್ಲಿ ಕಪ್ ಹಿಡಿದುಕೊಂಡ ಜನ ಚೆನ್ನಾಗಿ ಬಂದಿದ್ದಾರೆ. ಹಕ್ಕಿಗಳು ಮಾತ್ರ ಎಲ್ಲದರಲ್ಲೂ ಅಲುಗಾಡಿ ಮಸುಕಾಗಿವೆ.

ನಡಾವಳಿ ಪುಸ್ತಕದಿಂದ ಶುರು ಮಾಡಿದೆ. ಎರಡನೇ ರಾತ್ರಿಯೇ ಅದರ ಮೇಲೆ ತಲೆ ಇಟ್ಟು ನಿದ್ದೆ ಹೋದೆ. "ಕಾಳು ಒಟ್ಟಿಗೆ ತರಿಸುವ ಬಗ್ಗೆ ದೀರ್ಘವಾಗಿ ಚರ್ಚಿಸಲಾಯಿತು." ಏನು ಚರ್ಚೆ? ಬರೆದಿಲ್ಲ. "ತೀರ್ಮಾನವನ್ನು ಮುಂದಿನ ಸಭೆಗೆ ಇಡಲಾಯಿತು." ಮುಂದಿನ ಸಭೆಯಲ್ಲಿ ಅದರ ಸುದ್ದಿಯೇ ಇಲ್ಲ. ಬಾಡಿಗೆಗೆ ತಂದ ಮೇಜುಗಳನ್ನು ವಾಪಸ್ ಸಾಗಿಸುವ ಹೊಣೆ ಯಾರದು ಅನ್ನುವುದು ಮೂರು ಸಭೆ ತಿಂದಿದೆ. ಸತ್ತ ಹಕ್ಕಿಗಳ ಮಾತು ಎಲ್ಲೂ ಇಲ್ಲ. ಹಕ್ಕಿ ಸಾಕಿದವರಿಗೆ ಗೊತ್ತು, ಬೆಳಿಗ್ಗೆ ಎದ್ದು ನೋಡಿದಾಗ ಪಂಜರದ ತಳದಲ್ಲಿ ಬಿದ್ದಿರುವ ಹಕ್ಕಿ ಇಲ್ಲದೆ ಯಾರ ಅನುಭವವೂ ಪೂರ್ತಿಯಾಗಲ್ಲ. ಪುಸ್ತಕ ನಂಬಿದರೆ ನಮ್ಮಲ್ಲಿ ಒಂದು ಹಕ್ಕಿಯೂ ಸತ್ತಿಲ್ಲ.

ಆಮೇಲೆ ಹಿರಿಯ ಸದಸ್ಯರ ಮನೆಗಳಿಗೆ ಹೋಗಲು ಶುರು ಮಾಡಿದೆ. ಇಲ್ಲಿ ಒಂದು ತಪ್ಪು ಮಾಡಿದೆ. ನಿಮ್ಮ ಸಂಘದ ಇತಿಹಾಸ ಬರೆಯುವವರಿಗೆ ಉಪಯೋಗ ಆಗಬಹುದು, ಅದಕ್ಕೆ ಹೇಳುತ್ತೇನೆ. "ಸಂಘ ಹೇಗೆ ಶುರುವಾಯಿತು?" ಅಂತ ಕೇಳಿದೆ. ಹಾಗೆ ಕೇಳಿದರೆ ಎಲ್ಲರೂ ಭಾಷಣ ಮಾಡುತ್ತಾರೆ. ಒಬ್ಬರು ತಮ್ಮ ಹಿತ್ತಲಲ್ಲೇ ಶುರುವಾಗಿದ್ದು ಅಂದರು. ಇನ್ನೊಬ್ಬರು ಆ ಹೆಸರು ಕೇಳಿದ್ದೇ ತಡ, "ಅವರಾ? ಅವರು ಸೇರಿದ್ದೇ ನಾಲ್ಕು ವರ್ಷ ಆದ್ಮೇಲೆ" ಅಂತ ಬಾಗಿಲವರೆಗೂ ಹಿಂದೆ ಬಂದು ಹೇಳಿದರು.

ಮೂರನೇ ಮನೆಯಲ್ಲಿ ಆಕಸ್ಮಿಕವಾಗಿ ಬೇರೆ ಪ್ರಶ್ನೆ ಬಾಯಿಗೆ ಬಂತು. "ನಿಮಗೆ ಮೊದಲನೇ ಜೋಡಿ ಕೊಟ್ಟವರು ಯಾರು?" ಆ ಹಿರಿಯರು ಐದು ನಿಮಿಷ ಸುಮ್ಮನಿದ್ದರು. ಆಮೇಲೆ ಎರಡು ಗಂಟೆ ಮಾತಾಡಿದರು. ಹಕ್ಕಿಯ ಬಣ್ಣ, ಪಂಜರದ ಮುರಿದ ಬಾಗಿಲಿಗೆ ಕಟ್ಟಿದ್ದ ತಂತಿ, ಕೊಟ್ಟವರು ಹೇಳಿದ ಒಂದೊಂದು ಮಾತು, ಎಲ್ಲ ನೆನಪಿತ್ತು. ಅಂದಿನಿಂದ ನಾನು ಬೇರೆ ಪ್ರಶ್ನೆ ಕೇಳಿದ್ದೇ ಕಡಿಮೆ.

ಉತ್ತರಗಳನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಬರೆಯುತ್ತಾ ಹೋದೆ. ಇವರಿಗೆ ಅವರು ಕೊಟ್ಟರು, ಅವರಿಗೆ ಮತ್ಯಾರೋ. ಆರೇಳು ಮನೆ ಆಗುವಷ್ಟರಲ್ಲಿ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಬಡ್ಜಿ, ಅಂದರೆ ಬಡ್ಜರಿಗಾರ್ ಅನ್ನುವ ಪುಟ್ಟ ಗಿಳಿ, ಸಾಕುವವರ ಗೆರೆಗಳೆಲ್ಲ ಹೋಗಿ ಒಂದೇ ಮನೆ ಸೇರುತ್ತಿದ್ದವು. ಅದು ಎಲ್ಲರೂ ಮೇಷ್ಟ್ರು ಅಂತ ಕರೆಯುತ್ತಿದ್ದ ಒಬ್ಬರ ಮನೆ. ಅವರು ಈಗ ಇಲ್ಲ. ತಳದಲ್ಲಿದ್ದ ಆ ಉದ್ದನೆಯ ರಿಜಿಸ್ಟರ್ ಅವರ ಅಕ್ಷರದಲ್ಲೇ ಇತ್ತು.

ಅದು ರಿಂಗ್ ರಿಜಿಸ್ಟರ್. ರಿಂಗ್ ಅಂದರೆ ಮರಿಯ ಕಾಲಿಗೆ ಹಾಕುವ, ಎಲ್ಲೂ ಸೀಳಿಲ್ಲದ ಲೋಹದ ಪುಟ್ಟ ಬಳೆ. ಅದರ ಮೇಲೆ ವರ್ಷ, ಸಾಕಿದವರ ಗುರುತು, ಸಂಖ್ಯೆ ಕೆತ್ತಿರುತ್ತೆ. ಬಡ್ಜಿಯಾದರೆ ಮರಿ ಮೊಟ್ಟೆಯೊಡೆದು ಬಂದ 5ನೇ ದಿನದಿಂದ 10ನೇ ದಿನದೊಳಗೆ ಹಾಕಿ ಮುಗಿಸಬೇಕು. ಮುಂಚೆ ಹಾಕಿದರೆ ಕಳಚಿ ಬೀಳುತ್ತೆ, ತಡವಾದರೆ ಪಾದ ದಪ್ಪಗಾಗಿ ತೂರುವುದೇ ಇಲ್ಲ. ಒಮ್ಮೆ ಕೂತರೆ ಹಕ್ಕಿ ಬದುಕಿರುವವರೆಗೂ ಇರುತ್ತೆ. ದೊಡ್ಡ ಹಕ್ಕಿಗೆ ಹೊಸದಾಗಿ ಹಾಕಲು ಬರುವುದಿಲ್ಲ. ಹಾಗಾಗಿ ಇದು ಗೂಡಲ್ಲೇ ಹುಟ್ಟಿದ ಮರಿ, ಕಾಡಿನಿಂದ ಹಿಡಿದು ತಂದಿದ್ದಲ್ಲ ಅನ್ನುವುದಕ್ಕೆ ಒಳ್ಳೆ ಸಾಕ್ಷಿ ಈ ಬಳೆಯೇ.

ಹಾಕುವುದು ಕೇಳಿದಷ್ಟು ಕಷ್ಟವಲ್ಲ, ಆದರೆ ಮೊದಲ ಸಲ ಕೈ ನಡುಗುತ್ತೆ. ಮರಿಯನ್ನು ಅಂಗೈಯಲ್ಲಿ ಅಂಗಾತ ಮಲಗಿಸಬೇಕು. ಪಾದಕ್ಕೆ ಹಿಕ್ಕೆ ಅಂಟಿದ್ದರೆ ಮೊದಲು ಒದ್ದೆ ಹತ್ತಿಯಲ್ಲಿ ಒರೆಸಬೇಕು. ಉದ್ದದ ಮೂರು ಬೆರಳನ್ನು ಒಟ್ಟು ಮಾಡಿ ಬಳೆಯೊಳಗೆ ತೂರಿಸಿ, ಉಳಿದ ಚಿಕ್ಕ ಬೆರಳನ್ನು ಕಾಲಿಗೆ ಒತ್ತಿ ಹಿಡಿದು, ಬಳೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಬೇಕು. ಕೊನೆಗೆ ಬೆಂಕಿಕಡ್ಡಿಯ ಮೊನೆಯಿಂದ ಆ ಚಿಕ್ಕ ಬೆರಳನ್ನು ಎಬ್ಬಿಸಿ ಹೊರಗೆ ತೆಗೆಯಬೇಕು. ಬಳೆ ಸರಾಗವಾಗಿ ತಿರುಗಿದರೆ ಕೆಲಸ ಆಯಿತು. ಬಡ್ಜಿ ದಿನ ಬಿಟ್ಟು ದಿನ ಮೊಟ್ಟೆ ಇಡುವುದರಿಂದ ಒಂದೇ ಗೂಡಲ್ಲಿ ದೊಡ್ಡ ಮರಿಗೂ ಚಿಕ್ಕದಕ್ಕೂ ಎಂಟು ಹತ್ತು ದಿನದ ಅಂತರ ಇರುತ್ತೆ. ಎಲ್ಲಕ್ಕೂ ಒಂದೇ ದಿನ ಹಾಕಿ ಮುಗಿಸೋಣ ಅಂದರೆ ಆಗಲ್ಲ.

ಮೇಷ್ಟ್ರ ರಿಜಿಸ್ಟರಿನಲ್ಲಿ ಪ್ರತಿ ರಿಂಗಿಗೂ ಒಂದು ಸಾಲು. ಸಂಖ್ಯೆ, ಬಣ್ಣ, ಗಂಡೋ ಹೆಣ್ಣೋ, ತಂದೆಯ ರಿಂಗ್, ತಾಯಿಯ ರಿಂಗ್, ಯಾರಿಗೆ ಹೋಯಿತು. ಕೊನೇ ಕಾಲಮ್ಮಿಗೆ ಹೆಸರಿಲ್ಲ. ಅಲ್ಲಿ ಕೆಲವು ಕಡೆ ಒಂದು ಸಣ್ಣ ಗೀಟು. ಅದು ಸತ್ತ ಹಕ್ಕಿ ಅಂತ ಗೊತ್ತಾಗಲು ನನಗೆ ಒಂದು ವಾರ ಬೇಕಾಯಿತು. ನಡಾವಳಿಯಲ್ಲಿ ಇಲ್ಲದ ಸಾವುಗಳೆಲ್ಲ ಇಲ್ಲಿದ್ದವು. ಒಂದು ಪುಟದಲ್ಲಿ ಮೇಲಿಂದ ಕೆಳಗಿನವರೆಗೂ ಗೀಟುಗಳೇ.

ಒಂದು ಊರಿನ ಹವ್ಯಾಸಿಗಳಿಗೆ ಇಷ್ಟೊಂದು ಲೆಕ್ಕ ಯಾಕೆ ಬೇಕಿತ್ತು? ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಜಾನ್ ಗೌಲ್ಡ್ ಎಂಬ ಪಕ್ಷಿತಜ್ಞ 1840ರಲ್ಲಿ ಆಸ್ಟ್ರೇಲಿಯಾದಿಂದ ಜೀವಂತ ಬಡ್ಜಿಗಳನ್ನು ಇಂಗ್ಲೆಂಡಿಗೆ ತಂದ. ನಮ್ಮಲ್ಲಿ ಇದನ್ನೇ ಲವ್ ಬರ್ಡ್ಸ್ ಅಂತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬೇರೆಯೇ ಹಕ್ಕಿ. ಹೇಳಿ ಹೇಳಿ ನನಗೂ ಸಾಕಾಗಿದೆ. ಇರಲಿ. ಕಾಡಿನ ಬಡ್ಜಿ ಹಸಿರು. ಕೆಲವು ದಶಕ ಕಳೆದ ಮೇಲೆ ಯುರೋಪಿನ ಪಂಜರಗಳಲ್ಲಿ ಹಳದಿ ಬಂತು, ನೀಲಿ ಬಂತು. ಆಕಾಶನೀಲಿ ಬಡ್ಜಿಗಳನ್ನು 1910ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟಾಗ ಜನ ಹುಚ್ಚೆದ್ದು ಹೋದರು.

ನೀಲಿಯ ಕಷ್ಟ ಏನು ಅಂದರೆ ಅದು ಅಡಗಿ ಕೂರುತ್ತೆ. ನೀಲಿಗೂ ಶುದ್ಧ ಹಸಿರಿಗೂ ಜೋಡಿ ಹಾಕಿದರೆ ಮರಿಗಳೆಲ್ಲ ಹಸಿರು. ನೀಲಿ ಹೋಯ್ತು ಅಂತ ಅನ್ನಿಸುತ್ತೆ. ಆದರೆ ಆ ಹಸಿರು ಮರಿಗಳನ್ನು ಅಂಥದ್ದೇ ಹಸಿರಿಗೆ ಹಾಕಿದರೆ ಸರಾಸರಿ ನಾಲ್ಕರಲ್ಲಿ ಒಂದು ಮತ್ತೆ ನೀಲಿ. ನೋಡಲು ಎರಡು ಹಸಿರೂ ಒಂದೇ ಥರ. ಯಾವುದರೊಳಗೆ ನೀಲಿ ಇದೆ ಅಂತ ಕಣ್ಣಿಗೆ ಕಾಣಲ್ಲ, ಅಪ್ಪ ಅಮ್ಮ ಯಾರು ಅಂತ ಬರೆದಿಟ್ಟವರಿಗೆ ಮಾತ್ರ ಗೊತ್ತು. ಇಂಗ್ಲೆಂಡಿನಲ್ಲಿ 1925ರಲ್ಲಿ ಬಡ್ಜರಿಗಾರ್ ಕ್ಲಬ್ ಹುಟ್ಟಿತು. ಮುಂದೆ ಅದೇ ಬಡ್ಜರಿಗಾರ್ ಸೊಸೈಟಿ ಆಯಿತು. ಹಕ್ಕಿ ಸಂಘ ಅಂದ ಕೂಡಲೇ ಜನರಿಗೆ ಪ್ರದರ್ಶನ, ಬಹುಮಾನದ ಕಪ್ ನೆನಪಾಗುತ್ತೆ. ನನ್ನ ಪ್ರಕಾರ ಸಂಘ ಬೇಕಾಗಿದ್ದು ಈ ಲೆಕ್ಕಕ್ಕೆ, ಮತ್ತೆ ನನ್ನ ಹತ್ತಿರ ಇಲ್ಲದ ಹಕ್ಕಿ ನಿಮ್ಮಿಂದ ಬರಲಿ ಅನ್ನುವುದಕ್ಕೆ. ಕಪ್ ಆಮೇಲೆ ಬಂದಿದ್ದು.

ನಮ್ಮಲ್ಲೂ ಹಾಗೇ ಆಗಿದೆ. ಮೊದಲ ನಡಾವಳಿ ಪುಸ್ತಕ ನೀರಸವಾಗಿದ್ದರೂ ಅದರಲ್ಲಿ ಕಾಳು, ಗೂಡಿನ ಪೆಟ್ಟಿಗೆ, ರಿಂಗ್ ತರಿಸುವ ಮಾತಿದೆ. ಎರಡನೆಯದರ ಅರ್ಧದಿಂದ ಎಲ್ಲ ತೀರ್ಪುಗಾರರ ಮೇಲಿನ ದೂರು. ಪ್ರದರ್ಶನದಲ್ಲಿ ಎಲ್ಲ ಬಡ್ಜಿಗಳೂ ಹೊರಗೆ ಕಪ್ಪು, ಒಳಗೆ ಬಿಳಿ ಬಳಿದ ಒಂದೇ ಅಳತೆಯ ಪಂಜರದಲ್ಲಿರಬೇಕು. ಯಾರ ಹಕ್ಕಿ ಅಂತ ತೀರ್ಪುಗಾರರಿಗೆ ಗೊತ್ತಾಗಬಾರದು, ಅದಕ್ಕೇ ಈ ನಿಯಮ. ಆದರೂ ಒಬ್ಬ ಸದಸ್ಯರ ಪಂಜರದ ಸಲಾಕೆ ಸ್ವಲ್ಪ ಬಾಗಿತ್ತು, ಅದೇ ಗುರುತು ಅಂತ ಇನ್ನೊಬ್ಬರು ದೂರು ಕೊಟ್ಟಿದ್ದಾರೆ. ಆ ಇಬ್ಬರೂ ಮತ್ತೆ ಹಕ್ಕಿ ಬದಲಾಯಿಸಿಕೊಂಡಿದ್ದು ರಿಜಿಸ್ಟರಿನಲ್ಲಿ ಕಾಣಲ್ಲ.

ನನ್ನ ಕಥೆ ಇಲ್ಲಿ ಸೇರುತ್ತೆ. ಹತ್ತು ವರ್ಷದ ಹಿಂದೆ ನಾನೂ ಕಪ್‌ಗಳ ಹಿಂದೆ ಬಿದ್ದಿದ್ದೆ. ಗೆದ್ದ ಗಂಡು ಒಂದನ್ನು ಕಾಡಿ ಬೇಡಿ ತಂದೆ. ಕಾಡಿನ ಬಡ್ಜಿ ಸುಮಾರು 18 ಸೆಂಟಿಮೀಟರ್ ಉದ್ದ, 30ರಿಂದ 40 ಗ್ರಾಂ ತೂಕ. ಇದು ಅದರ ಮುಂದೆ ಪೈಲ್ವಾನ್. ತಲೆಯ ಪುಕ್ಕ ಕಣ್ಣನ್ನೇ ಮುಚ್ಚುವಷ್ಟು ಉದ್ದ. ನನ್ನ ಒಳ್ಳೇ ಹೆಣ್ಣಿಗೆ ಜೋಡಿ ಹಾಕಿದೆ. ಆರು ಮೊಟ್ಟೆ. ಏಳನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದೆ. ಜೀವ ಇದ್ದರೆ ಒಳಗೆ ಜೇಡರ ಬಲೆಯ ಹಾಗೆ ಕೆಂಪು ನರ ಕಾಣಬೇಕು. ಆರೂ ತಿಳಿ. ಖಾಲಿ ಮೊಟ್ಟೆ. ಮತ್ತೊಂದು ಸುತ್ತು ಬಿಟ್ಟೆ, ಅದೂ ಖಾಲಿ. ಪುಕ್ಕ ಜಾಸ್ತಿ ಇದ್ದರೆ ಕೂಡುವುದಕ್ಕೆ ಅಡ್ಡಿ ಅಂತ ಹಿಂಭಾಗದ ಪುಕ್ಕ ಕತ್ತರಿಸಿದೆ. ಮೂರನೇ ಸುತ್ತಿನಲ್ಲಿ ಒಂದು ಮರಿ ಬಂತು, ನಾಲ್ಕು ದಿನ ಬದುಕಿತು. ನಾನು ಕಾಳಿನ ಮೇಲೆ ಅನುಮಾನಪಟ್ಟೆ, ಹವೆ ಬೈದೆ, ಹಕ್ಕಿ ಕೊಟ್ಟವರನ್ನೂ ಮನಸ್ಸಲ್ಲೇ ಬೈದೆ.

ಈಗ ಕ್ಯಾಲೆಂಡರಿನ ಹಿಂದೆ ಎಳೆದ ಗೆರೆಗಳಲ್ಲಿ ಆ ಗಂಡನ್ನು ಹುಡುಕಿದೆ. ಅದರ ಅಜ್ಜನೂ ನನ್ನ ಹೆಣ್ಣಿನ ಅಜ್ಜನೂ ಒಂದೇ ರಿಂಗ್. ಇನ್ನೊಂದು ಕಡೆಯ ಅಜ್ಜಿಯರು ಅಕ್ಕ ತಂಗಿ. ಸಂಘದಲ್ಲಿ ಎಲ್ಲರೂ ಗೆದ್ದ ಹಕ್ಕಿಯ ಮರಿಯೇ ಬೇಕು ಅಂದರು, ಗೆದ್ದವೆಲ್ಲ ಮೇಷ್ಟ್ರ ಗೂಡಿನ ಸಂತಾನ. ವರ್ಷಾನುಗಟ್ಟಲೆ ನಾವು ಅಣ್ಣ ತಂಗಿಯರಿಗೇ ಜೋಡಿ ಹಾಕುತ್ತಿದ್ದೆವು. ಮೊಟ್ಟೆ ಖಾಲಿಯಾಗದೆ ಇನ್ನೇನು? ಸದಸ್ಯರು ಯಾಕೆ ಬಿಟ್ಟುಹೋದರು ಅಂತ ಕೇಳಿದರೆ ನಮ್ಮವರು ಇವತ್ತಿಗೂ ಮೊಬೈಲ್, ಟಿವಿ, ಹುಡುಗರಿಗೆ ತಾಳ್ಮೆ ಇಲ್ಲ ಅಂತ ಶುರು ಮಾಡುತ್ತಾರೆ. ನಾನು ನಂಬಲ್ಲ. ಎರಡು ವರ್ಷ ಖಾಲಿ ಮೊಟ್ಟೆ ನೋಡಿದ ಹೊಸಬ ಮೂರನೇ ವರ್ಷ ಯಾಕೆ ಬರುತ್ತಾನೆ?

ರಿಜಿಸ್ಟರಿನ ಆ ಗೀಟುಗಳ ಪುಟದ ಗುಟ್ಟೂ ಸಿಕ್ಕಿತು. ಪ್ರದರ್ಶನಕ್ಕೆ ಹೋಗಿ ಬಂದ ಹಕ್ಕಿಗಳನ್ನು ಸೀದಾ ಮನೆಯ ಹಕ್ಕಿಗಳ ಜೊತೆ ಬಿಟ್ಟಿದ್ದರು. ಹಕ್ಕಿ ಕಾಯಿಲೆಯನ್ನು ಬಚ್ಚಿಡುತ್ತೆ. ಪುಕ್ಕ ಉಬ್ಬಿಸಿಕೊಂಡು ಕೂತಿದೆ ಅಂತ ನಮಗೆ ಕಾಣುವಷ್ಟರಲ್ಲಿ ಬಹಳ ತಡವಾಗಿರುತ್ತೆ. ಹೊಸ ಹಕ್ಕಿಯನ್ನು 30 ದಿನ ಬೇರೆ ಕೋಣೆಯಲ್ಲಿ ಇಡಿ, ಅದರ ಕೆಲಸ ಕೊನೆಗೆ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹೇಳುವ ನಾನೇ ಒಮ್ಮೆ ಆರನೇ ದಿನಕ್ಕೆ ಆಸೆ ತಡೆಯದೆ ಒಟ್ಟಿಗೆ ಬಿಟ್ಟು ಫಿಂಚ್ ಅನ್ನುವ ಪುಟ್ಟ ಹಕ್ಕಿಗಳನ್ನು ಒಂಬತ್ತು ಕಳೆದುಕೊಂಡಿದ್ದೇನೆ.

ಇನ್ನೊಂದು ವಿಷಯ ಹಿರಿಯರ ಮನೆಗಳಲ್ಲೇ ಗಮನಕ್ಕೆ ಬಂತು. ಅವರಲ್ಲಿ ಇಬ್ಬರಿಗೆ ಒಂದೇ ಥರದ ಒಣ ಕೆಮ್ಮು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವಯಸ್ಸಾಯ್ತು ಅಂತ ಸುಮ್ಮನಿದ್ದರು. ಹಕ್ಕಿಯ ಪುಕ್ಕದ ಪುಡಿ, ಒಣಗಿದ ಹಿಕ್ಕೆಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಕೆಲವರ ಶ್ವಾಸಕೋಶಕ್ಕೆ ಅದು ಒಗ್ಗದೆ ಊತ ಬರುತ್ತೆ. ಕೊನೆಗೆ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತೆ. ಬೇಗ ಗೊತ್ತಾಗಿ ಧೂಳಿನಿಂದ ದೂರ ಇದ್ದರೆ ಸುಧಾರಿಸುವ ಸಾಧ್ಯತೆ ಜಾಸ್ತಿ. ಒಬ್ಬರನ್ನು ಒತ್ತಾಯ ಮಾಡಿ ವೈದ್ಯರ ಹತ್ತಿರ ಕಳಿಸಿದೆ. "ಹಕ್ಕಿ ಸಾಕ್ತೀನಿ ಅಂತ ಮೊದಲೇ ಹೇಳಿ" ಅಂತ ಚೀಟಿ ಬರೆದುಕೊಟ್ಟೆ, ಯಾಕಂದರೆ ಅದನ್ನು ಯಾರೂ ಹೇಳುವುದಿಲ್ಲ. ಈಗ ನಮ್ಮಲ್ಲಿ ಗುಡಿಸುವ ಮುಂಚೆ ನೀರು ಚಿಮುಕಿಸುತ್ತೇವೆ, ಮಾಸ್ಕ್ ಹಾಕುತ್ತೇವೆ. 50 ವರ್ಷದ ಸಂಘ ಇದನ್ನು ಕಲಿತಿದ್ದು ಹೋದ ವರ್ಷ.

ನಾನು ಬರೆಯಲು ಹಿಂಜರಿದ ಭಾಗವೂ ಒಂದಿದೆ. ಮೊದಲ ವರ್ಷಗಳ ಪ್ರದರ್ಶನದ ಪಟ್ಟಿಯಲ್ಲಿ ಕಾಡಿನಿಂದ ಹಿಡಿದ ಹಕ್ಕಿಗಳಿಗೆ ಪ್ರತ್ಯೇಕ ವಿಭಾಗ ಇತ್ತು, ಬಹುಮಾನವೂ ಇತ್ತು. ಒಬ್ಬ ಹಿರಿಯರು "ಅದನ್ನ ಹಾಕ್ಬೇಡಿ, ಚೆನ್ನಾಗಿರಲ್ಲ" ಅಂದರು. ಹಾಕಿದೆ. ಆಗ ಅದು ಎಲ್ಲ ಕಡೆ ಇತ್ತು. ಆಸ್ಟ್ರೇಲಿಯಾ 1960ರ ಹೊತ್ತಿಗೆ ತನ್ನ ಹಕ್ಕಿಗಳ ವ್ಯಾಪಾರದ ರಫ್ತು ನಿಲ್ಲಿಸಿತು. ಕಾಡುಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದಕ್ಕೆ ದೇಶಗಳು ಸಹಿ ಹಾಕಿದ್ದು 1973ರಲ್ಲಿ, ಜಾರಿಗೆ ಬಂದಿದ್ದು 1975ರಲ್ಲಿ. ಯುರೋಪಿಯನ್ ಒಕ್ಕೂಟ ಕಾಡುಹಕ್ಕಿಗಳ ಆಮದನ್ನು ಪೂರ್ತಿ ಮುಚ್ಚಿದ್ದು 2007ರಲ್ಲಿ. ಈ ಎಲ್ಲದಕ್ಕೂ ಕಾರಣ ನಮ್ಮಂಥ ಸಾಕುವವರ ಆಸೆಯೂ ಹೌದು.

ಕೆಂಪು ಕ್ಯಾನರಿ ಅನ್ನುವ ಪಂಜರದ ಹಾಡುಹಕ್ಕಿಯ ಕಥೆ ನೋಡಿ. ಕ್ಯಾನರಿಗೆ ಸ್ವಂತದ ಕೆಂಪು ಬಣ್ಣ ಇರಲಿಲ್ಲ. 1920ರ ದಶಕದಲ್ಲಿ ಜರ್ಮನಿಯ ಬ್ರೆಮೆನ್ನಿನ ಹಾನ್ಸ್ ಡುಂಕರ್ ಅನ್ನುವವರು ರೆಡ್ ಸಿಸ್ಕಿನ್ ಎಂಬ ಪುಟ್ಟ ಕೆಂಪು ಹಕ್ಕಿಯ ಜೊತೆ ಕ್ಯಾನರಿಯನ್ನು ಬೆರೆಸಿ ಆ ಬಣ್ಣ ತರಲು ಹೊರಟರು. ವಂಶವಾಹಿ ಜೊತೆಗೆ ಸರಿಯಾದ ಆಹಾರವೂ ಬೇಕು ಅಂತ ಆಮೇಲೆ ಗೊತ್ತಾಯಿತು. ಕೆಂಪು ಕ್ಯಾನರಿ ಈಗ ಎಲ್ಲೆಲ್ಲೂ ಇದೆ. ಆದರೆ ಬಣ್ಣ ಕೊಟ್ಟ ರೆಡ್ ಸಿಸ್ಕಿನ್ನನ್ನು ವೆನೆಜುವೆಲಾದ ಕಾಡುಗಳಿಂದ ಹಿಡಿದು ಹಿಡಿದು ಅಳಿವಿನ ಅಂಚಿಗೆ ತಂದಿಟ್ಟರು. ಇವತ್ತು ಅದನ್ನು ಲೆಕ್ಕ ಇಟ್ಟು ಮರಿ ಮಾಡಿಸುವವರಲ್ಲಿ ಸಾಕುವವರೂ ಇದ್ದಾರೆ. ಕಸಿದವರೂ ನಾವೇ, ಉಳಿಸಲು ಒದ್ದಾಡುವವರೂ ನಾವೇ.

ಒಮ್ಮೆ ನಮ್ಮ ಪ್ರದರ್ಶನಕ್ಕೆ ಬಂದ ಪುಟ್ಟ ಹುಡುಗಿ ಪಂಜರದ ಮುಂದೆ ನಿಂತು "ಇದು ಹಾರೋದು ಯಾವಾಗ?" ಅಂದಳು. ಅದು ಎರಡು ದಿನದ ಪ್ರದರ್ಶನದ ಪಂಜರ ಅಮ್ಮಾ, ಮನೇಲಿ ದೊಡ್ಡದಿದೆ ಅಂದೆ. ನನ್ನ ಮನೆಯಲ್ಲಿ ದೊಡ್ಡದಿತ್ತು, ನಿಜ. ಎಲ್ಲರ ಮನೆಯಲ್ಲೂ ಇರಲಿಲ್ಲ. ಈಗ ಸದಸ್ಯರಾಗಬೇಕಾದರೆ ಹಕ್ಕಿ ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಜಿಗಿಯುವಷ್ಟಲ್ಲ, ರೆಕ್ಕೆ ಬೀಸಿ ಹಾರುವಷ್ಟು ಉದ್ದದ ಜಾಗ ತೋರಿಸಬೇಕು. ಆ ನಿಯಮಕ್ಕೆ ಮೂವರು ಸಂಘ ಬಿಟ್ಟರು. ಬೇಜಾರಾಯಿತು, ಆದರೆ ನಿಯಮ ಬದಲಿಸಲಿಲ್ಲ.

ಭವಿಷ್ಯದ ಒಂದು ಪ್ಯಾರಾ ಬರೆಯಲು ಕೂತಾಗ ಬರೆಯಲು ಏನೂ ಇರಲಿಲ್ಲ. ಹಾಗಾಗಿ ಮೊದಲು ಏನಾದರೂ ಮಾಡೋಣ ಅಂತ ಹೊರಟೆವು. ಮೊದಲ ಕೆಲಸ ಹೊರಗಿನ ರಕ್ತ. ಯಾವ ಕಪ್ ಕೂಡ ಗೆಲ್ಲದ, ಸಣ್ಣ ಮೈಯ, ಮೂಗುತಿಯಷ್ಟು ಚಿಕ್ಕ ತಲೆಯ ಸಾಮಾನ್ಯ ಬಡ್ಜಿಗಳನ್ನು ಮೇಷ್ಟ್ರ ವಂಶದ ಹಕ್ಕಿಗಳಿಗೆ ಜೋಡಿ ಹಾಕಿದೆವು. ಹಿರಿಯರು ಮುಖ ಸಿಂಡರಿಸಿದರು. "50 ವರ್ಷದ ಕೆಲಸ ನೀರಲ್ಲಿ ಹೋಮ" ಅಂದರು ಒಬ್ಬರು. ಮರಿಗಳು ನಿಜವಾಗಿಯೂ ಚಿಕ್ಕವಾದವು, ತಲೆಯ ಗತ್ತು ಹೋಯಿತು. ಆದರೆ ನನ್ನ ಮೊದಲ ಜೋಡಿಯ ಐದು ಮೊಟ್ಟೆಯಲ್ಲಿ ಐದಕ್ಕೂ ಕೆಂಪು ನರ. 18ನೇ ದಿನ ಪೆಟ್ಟಿಗೆಯೊಳಗಿಂದ ಕೀಚಲು ದನಿ ಕೇಳಿದಾಗ ನಾನು ಬಾಗಿಲು ತೆಗೆಯದೆ ಅಲ್ಲೇ ನೆಲದ ಮೇಲೆ ಕೂತೆ.

ಎರಡನೆಯದು ಜೋಡಿ ಸಾಲ. ಹೊಸಬರಿಗೆ ಸಂಘದಿಂದ ಒಂದು ಜೋಡಿ, ಒಂದು ಗೂಡಿನ ಪೆಟ್ಟಿಗೆ. ಮರಿ ಆದ ಮೇಲೆ ಎರಡು ಮರಿ ಸಂಘಕ್ಕೆ ವಾಪಸ್, ಅದು ಮತ್ತೊಬ್ಬ ಹೊಸಬರಿಗೆ. ಶುರುವಿನಲ್ಲೇ ಎಡವಟ್ಟು ಮಾಡಿದೆವು. ಬಡ್ಜಿಯಲ್ಲಿ ಗಂಡಿಗೆ ಮೂಗಿನ ಮೇಲಿನ ಭಾಗ ನೀಲಿ, ಹೆಣ್ಣಿಗೆ ಕಂದು. ಆದರೆ ಪೂರ್ತಿ ಹಳದಿಯ, ಕೆಂಪು ಕಣ್ಣಿನ ಲುಟಿನೊ ಗಂಡಿಗೆ ಆ ನೀಲಿ ಬರುವುದೇ ಇಲ್ಲ, ಗುಲಾಬಿಯಾಗೇ ಉಳಿಯುತ್ತೆ. ಅವಸರದಲ್ಲಿ ಒಬ್ಬ ಹುಡುಗನಿಗೆ ಎರಡು ಗಂಡು ಕೊಟ್ಟು ಕಳಿಸಿದ್ದೆ. ನಾಲ್ಕು ತಿಂಗಳು ಅವು ಒಂದಕ್ಕೊಂದು ಮುದ್ದು ಮಾಡಿಕೊಂಡು ಕೂತಿದ್ದವು. ಅವನು ಪಾಪ, ಮೊಟ್ಟೆಗೆ ಕಾಯುತ್ತಿದ್ದ.

ಕಪ್ ಕೊಡುವುದು ನಿಲ್ಲಿಸಿಲ್ಲ. ನಿಲ್ಲಿಸಿದರೆ ನಮ್ಮಲ್ಲಿ ಅರ್ಧ ಜನ ಉಳಿಯಲ್ಲ, ಅದು ನನಗೂ ಗೊತ್ತು. ಆದರೆ ಇನ್ನೊಂದು ಕಾರ್ಡ್ ಸೇರಿಸಿದ್ದೇವೆ. ಒಂದು ವರ್ಷದಲ್ಲಿ ಇಟ್ಟ ಮೊಟ್ಟೆ, ಒಡೆದು ಮರಿ ಬಂದ ಮೊಟ್ಟೆ, ಸ್ವಂತವಾಗಿ ಕಾಳು ತಿನ್ನುವವರೆಗೆ ಬದುಕಿದ ಮರಿ, ಈ ಮೂರು ಲೆಕ್ಕ ಚೆನ್ನಾಗಿ ಇಟ್ಟವರಿಗೆ. ಮೊದಲ ವರ್ಷ ಕೊಟ್ಟಿದ್ದು ಮರಿಗಳೆಲ್ಲ ಸತ್ತ ಒಬ್ಬ ಸದಸ್ಯೆಗೆ. ಪ್ರತಿ ಸಾವಿಗೂ ದಿನಾಂಕ, ತೂಕ ಬರೆದಿದ್ದರು. ಅದರಿಂದಲೇ ತಾಯಿ ಹಕ್ಕಿ ಮರಿಗಳಿಗೆ ರಾತ್ರಿ ಕಾವು ಕೊಡುತ್ತಿಲ್ಲ ಅಂತ ಗೊತ್ತಾಯಿತು.

ಅಧ್ಯಕ್ಷರಿಗೆ ನಾಲ್ಕು ಪುಟದ ಬದಲು ಕ್ಯಾಲೆಂಡರಿನ ಗೆರೆಗಳನ್ನು ದೊಡ್ಡ ಹಾಳೆಗೆ ಇಳಿಸಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ತಮ್ಮ ಹೆಸರು ಹುಡುಕಿದರು. ಅದರ ಮೇಲಿನ ಗೆರೆ ಯಾರಿಗೆ ಸೇರುತ್ತೆ ನೋಡಿದರು. "ಆ ಜೋಡೀಲಿ ಹೆಣ್ಣು ಕುಂಟು ಇತ್ತು ಕಣ್ರೀ" ಅಂದರು. ಅದನ್ನೂ ಪಕ್ಕದಲ್ಲಿ ಬರೆದೆ.

ಎರಡು ಗಂಡು ಸಿಕ್ಕಿದ ಆ ಹುಡುಗನಿಗೆ ಹೆಣ್ಣು ಕೊಟ್ಟ ಮೇಲೆ ನಾಲ್ಕು ಮರಿ ಆದವು. ಹೋದ ತಿಂಗಳು ಅವನೇ ರಿಂಗ್ ಹಾಕಿದ, ನಾನು ಬೆಂಕಿಕಡ್ಡಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ರಿಜಿಸ್ಟರನ್ನು ಈಗ ಕಂಪ್ಯೂಟರಿಗೆ ಏರಿಸಿದ್ದೇವೆ, ಪುಸ್ತಕದಲ್ಲಿ ಬರೆಯೋದು ಬೇಕಾ ಅಂತ ಕೇಳಿದ. ಎರಡರಲ್ಲೂ ಬರಿ ಅಂದೆ. ಬರೆದು ಹೋದ. ಅವನ 1 ಯಾವುದು, 7 ಯಾವುದು ಅಂತ ಗೊತ್ತಾಗುತ್ತಿಲ್ಲ. ಭಾನುವಾರ ಬಂದು ತಿದ್ದಿಹೋಗು ಅಂತ ಹೇಳಿ ಕಳಿಸಿದ್ದೇನೆ.